ಹುನಗುಂದದ ಅಂಚಿನಿಂದ ಪ್ಯಾರಿಸ್ಸಿನ ಮಂಡಳಿಗೆ

ಇಳಕಲ್ಲಿನಲ್ಲಿ ಕುಷ್ಟಗಿ ಬಸ್ಸು ಹತ್ತಿದರೆ ಮುಕ್ಕಾಲು ತಾಸಿನೊಳಗೆ ಇಳಿಯಬಹುದು. ನಡುದಾರಿಯಲ್ಲಿ ಬಾಗಲಕೋಟೆ ಜಿಲ್ಲೆ ಮುಗಿದು ಕೊಪ್ಪಳ ಜಿಲ್ಲೆ ಶುರುವಾಗುತ್ತದೆ. ಬೋರ್ಡು ಓದದಿದ್ದವರಿಗೆ ಅದು ತಿಳಿಯುವುದೂ ಇಲ್ಲ. ಹೊಲ ಅವೇ, ಜೋಳ ಅದೇ, ಮಾತು ಅದೇ. ಆದರೆ 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ, ಹದಿಮೂರು ತಿಂಗಳ ಕಾಲ, ಈ ಗೆರೆಯ ಆಚೆ ಇದ್ದದ್ದು ತಾನೊಂದು ಸ್ವತಂತ್ರ ರಾಷ್ಟ್ರ ಎಂದು ಹೇಳಿಕೊಳ್ಳುತ್ತಿದ್ದ ಸರಕಾರ. ಆ ಸರಕಾರ ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಸಹ ಕೊಟ್ಟಿತು. ರಾಷ್ಟ್ರ ರಾಷ್ಟ್ರಗಳ ನಡುವಿನ ವ್ಯವಹಾರ ಅಂದರೆ ಜಿನೀವಾ, ನ್ಯೂಯಾರ್ಕಿನ ಸುದ್ದಿ ಎಂದುಕೊಳ್ಳುತ್ತೇವೆ. ಅದು ನಮ್ಮ ಹುನಗುಂದ ತಾಲ್ಲೂಕಿನ ಅಂಚಿನಲ್ಲೇ ಒಮ್ಮೆ ನಡೆದುಹೋಗಿದೆ.

ಆಗಿನ ನಕಾಶೆಯನ್ನು ಒಂದಿಷ್ಟು ನೆನಪಿಗೆ ತಂದುಕೊಳ್ಳಿ. ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಪಡುವಲಿಗೆ ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ, ಜಮಖಂಡಿಯಲ್ಲಿ ಪಟವರ್ಧನರದು. ಮೂಡಲಿಗೆ ಕುಷ್ಟಗಿ, ಲಿಂಗಸುಗೂರು ತಾಲ್ಲೂಕುಗಳು ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ನಮ್ಮ ಕಡೆ ಹಿರಿಯರು ಆ ಸೀಮೆಯನ್ನು ಹೈದರಾಬಾದ್ ಅನ್ನುತ್ತಿರಲಿಲ್ಲ, ಮೊಗಲಾಯಿ ಅನ್ನುತ್ತಿದ್ದರು. ಮೊಗಲಾಯಿಗೆ ಹೆಣ್ಣು ಕೊಡುತ್ತಿದ್ದರು, ಅಲ್ಲಿಂದ ತರುತ್ತಿದ್ದರು. ಇಳಕಲ್ಲಿನ ಸೀರೆ ಆ ಕಡೆ ಹೋಗುತ್ತಿತ್ತು, ಕಾಳುಕಡಿ, ದನಕರು ಈ ಕಡೆ ಬರುತ್ತಿದ್ದವು. ಗಡಿ ದಾಟುವವರಿಗೆ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಕಿಸೆಯಲ್ಲಿ ಎರಡು ನಾಣ್ಯ: ಆಚೆ ಚಲಾವಣೆಗೆ ಚಾರ್‌ಮಿನಾರದ ಚಿತ್ರವಿದ್ದ ಹಾಲಿ ಸಿಕ್ಕಾ, ಈಚೆಗೆ ಬ್ರಿಟಿಷ್ ಸರಕಾರದ ಕಲ್ದಾರ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ಸರಿಸುಮಾರು ನಡೆಯುತ್ತಿದ್ದ ದರ. ಓದು ಬರಹ ಬಾರದ ಮುದುಕಿಯರೂ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ವಿದೇಶಿ ವಿನಿಮಯದ ಪಾಠವನ್ನು ಸಂತೆಯಲ್ಲಿ ಕಲಿತವರು ಅವರು.

ಬ್ರಿಟಿಷರು ಹೊರಡುವಾಗ ಒಂದು ಗೋಜಲು ಬಿಟ್ಟುಹೋದರು. ಭಾರತ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ 1947ರ ಆಗಸ್ಟ್ 15ರಂದು ಸಂಸ್ಥಾನಗಳ ಮೇಲೆ ಬ್ರಿಟಿಷ್ ದೊರೆಗಿದ್ದ ಅಧೀಶ್ವರತ್ವ ಮುಗಿಯಿತು. ಅದು ದಿಲ್ಲಿಗೆ ವರ್ಗವಾಗಲಿಲ್ಲ, ಸುಮ್ಮನೆ ಇಲ್ಲವಾಯಿತು. ಹಾಗಾದರೆ ಆ ಮಧ್ಯರಾತ್ರಿಯ ನಂತರ ಮುಧೋಳದ ರಾಜರು ಯಾರ ಅಧೀನ? ಕಾಗದದ ಮೇಲಿನ ಉತ್ತರ: ಯಾರ ಅಧೀನವೂ ಅಲ್ಲ. ಕೆಲವೇ ನೂರು ಚದರ ಮೈಲಿಯ ಒಂದು ಸಂಸ್ಥಾನ ಫ್ರಾನ್ಸಿಗೂ ಬ್ರೆಜಿಲಿಗೂ ಸಮಾನ! ಹಾಗೆ ನಂಬುವಷ್ಟು ಭೋಳೆತನ ಮುಧೋಳ, ಜಮಖಂಡಿಯವರಿಗೆ ಇರಲಿಲ್ಲ. ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನು ದಿಲ್ಲಿಗೆ ಒಪ್ಪಿಸಿ ಸಹಿ ಹಾಕಿದರು. 1948ರ ಮಾರ್ಚ್ 8ರಂದು ಸಾಂಗಲಿ, ಮೀರಜ, ರಾಮದುರ್ಗಗಳ ಜತೆಗೆ ಮುಂಬಯಿ ಪ್ರಾಂತದಲ್ಲಿ ಪೂರ್ತಿ ವಿಲೀನವೂ ಆದರು. ಪಡುವಲ ಗಡಿಯ ಕತೆ ಅಲ್ಲಿಗೆ ಮುಗಿಯಿತು.

ಮೂಡಲ ಗಡಿಯಲ್ಲಿ ಅದು ಬೇರೆಯೇ ಆಯಿತು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರಾಜ್ಯ ಸುಮಾರು 82 ಸಾವಿರ ಚದರ ಮೈಲಿ, 1.6 ಕೋಟಿ ಜನ. ತನ್ನದೇ ರೈಲು, ಅಂಚೆ, ನಾಣ್ಯ, ಸೈನ್ಯ. ಯುರೋಪಿನ ಎಷ್ಟೋ ದೇಶಗಳಿಗಿಂತ ದೊಡ್ಡದು. 1947ರ ಜೂನ್‌ನಲ್ಲೇ ಅವರು ಫರ್ಮಾನು ಹೊರಡಿಸಿ, ಬ್ರಿಟಿಷರು ಹೋದ ಮೇಲೆ ತಾವು ಸ್ವತಂತ್ರ ಸಾರ್ವಭೌಮರು ಎಂದು ಸಾರಿದರು. ಈ ಆಸೆ ಹೊಸದೇನಲ್ಲ. 1920ರ ದಶಕದಲ್ಲಿ ಬೀರಾರ್ ಪ್ರಾಂತದ ವಿಚಾರಕ್ಕೆ ಪತ್ರ ಬರೆಯುತ್ತ, ವಿದೇಶ ವ್ಯವಹಾರ ಒಂದನ್ನು ಬಿಟ್ಟರೆ ತಾನು ಬ್ರಿಟಿಷ್ ಸರಕಾರಕ್ಕೆ ಸಮಾನ ಎಂದು ನಿಜಾಮರು ವಾದಿಸಿದ್ದರು. 1926ರ ಮಾರ್ಚ್‌ನಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಕೊಟ್ಟ ಉತ್ತರ ಚುರುಕಾಗಿತ್ತು: ಭಾರತದಲ್ಲಿ ಬ್ರಿಟಿಷ್ ದೊರೆಯೇ ಪರಮೋಚ್ಚ, ಯಾವ ಸಂಸ್ಥಾನಿಕನೂ ಸಮಾನನಾಗಿ ಕೂತು ಮಾತಾಡುವಂತಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಅದೇ ಬ್ರಿಟಿಷರು, ಈಗ ನಿಮ್ಮ ಮೇಲೆ ಯಾರೂ ಇಲ್ಲ ಎಂದು ಹೇಳಿ ಗಂಟು ಕಟ್ಟಿದರು. ಆದರೆ ಕಾಮನ್‌ವೆಲ್ತಿನಲ್ಲಿ ನೇರವಾಗಿ ಸೇರಿಸಿಕೊಳ್ಳಿ ಎಂದು ನಿಜಾಮರು ಕೇಳಿದಾಗ ಲಂಡನ್ ಒಪ್ಪಲಿಲ್ಲ.

ನಾನು ಹೇಳಬೇಕೆಂದಿರುವ ಮಾತು ಇಲ್ಲಿಯೇ ಇದೆ. ಒಂದು ರಾಜ್ಯ ಸಾರ್ವಭೌಮ ಅನ್ನಿಸಿಕೊಳ್ಳಬೇಕಾದರೆ ಏನಿರಬೇಕು ಎಂದು 1933ರಲ್ಲಿ ಮಾಂಟೆವಿಡಿಯೋ ಎಂಬ ಊರಿನಲ್ಲಿ ಅಮೆರಿಕ ಖಂಡದ ದೇಶಗಳು ಬರೆದಿಟ್ಟವು: ಖಾಯಂ ಜನ, ಗೊತ್ತಾದ ನೆಲ, ಒಂದು ಸರಕಾರ, ಬೇರೆ ರಾಷ್ಟ್ರಗಳೊಡನೆ ವ್ಯವಹರಿಸುವ ಶಕ್ತಿ. ಮೊದಲ ಮೂರೂ ಹೈದರಾಬಾದಿಗೆ ಇದ್ದವು. ನಾಲ್ಕನೆಯದು ನಮ್ಮ ಕೈಯಲ್ಲಿ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಎದುರಿನವರ ಕೈಯಲ್ಲಿ, ಅದರಲ್ಲೂ ನೆರೆಯವರ ಕೈಯಲ್ಲಿ. ಸುತ್ತ ನಾಲ್ಕೂ ಕಡೆ ಒಂದೇ ದೇಶದ ನೆಲ, ಸಮುದ್ರವೂ ಇಲ್ಲ, ಆ ನೆರೆಯವರು ಒಪ್ಪಲಿಲ್ಲ.

1947ರ ನವೆಂಬರ್ 29ರಂದು ಎರಡೂ ಕಡೆಯವರು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಸಮಯ ಕೊಂಡುಕೊಳ್ಳುವ ಒಪ್ಪಂದ ಅದು. ಮುಂದಿನ ತಿಂಗಳುಗಳಲ್ಲಿ ಇಬ್ಬರೂ ಪರಸ್ಪರರನ್ನು ದೂರುತ್ತ ಹೋದರು. ಹೈದರಾಬಾದ್ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು, ಭಾರತದ ರೂಪಾಯಿ ತನ್ನ ನೆಲದಲ್ಲಿ ಚಲಾವಣೆಯಾಗದಂತೆ ಆಜ್ಞೆ ಮಾಡಿತು, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನ ಚಾಲಕನ ಮೂಲಕ ಕರಾಚಿಯಿಂದ ಕತ್ತಲಲ್ಲಿ ಶಸ್ತ್ರ ತರಿಸಿತು. ಭಾರತ ಸಾಮಾನು ಸರಂಜಾಮು ಆ ಕಡೆ ಹೋಗದಂತೆ ಬಿಗಿ ಮಾಡಿತು. ಇವತ್ತು ಇದಕ್ಕೆ ಆರ್ಥಿಕ ನಿರ್ಬಂಧ ಎಂಬ ಹೆಸರಿದೆ. ಇರಾನಿಗೆ, ರಷ್ಯಕ್ಕೆ ಹೇರಿದ್ದನ್ನು ಪತ್ರಿಕೆಯಲ್ಲಿ ಓದುತ್ತೀರಿ. ಗಡಿಯ ಸಂತೆಗಳಲ್ಲಿ ಅದರ ಅರ್ಥ ಬೇರೆ. ನಿನ್ನೆಯವರೆಗೆ ಎರಡೂ ಕಡೆ ನಡೆಯುತ್ತಿದ್ದ ಕಲ್ದಾರ ಇವತ್ತು ಆಚೆ ನಡೆಯುವುದಿಲ್ಲ ಅಂದರೆ, ಮಗಳ ಮನೆಗೆ ಹೊರಟ ತಾಯಿಗೆ ಅದು ರಾಜತಾಂತ್ರಿಕ ಬಿಕ್ಕಟ್ಟು ಅಲ್ಲ. ಸೆರಗಿನ ಗಂಟು ಬಿಚ್ಚಿ ಹಾಲಿ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಕೆಲಸ.

ನಿಜಾಮರ ಆಳ್ವಿಕೆ ಉಳಿಸಲು ನಿಂತ ಕಾಸಿಂ ರಜ್ವಿಯ ಸ್ವಯಂಸೇವಕ ಪಡೆ, ಅಂದರೆ ರಜಾಕಾರರು, ಹಳ್ಳಿಗಳಲ್ಲಿ ನಡೆಸಿದ ಲೂಟಿ, ಬೆಂಕಿ, ಕೊಲೆಗಳ ಕತೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಸಂಸಾರಗಳು ಬಂಡಿ ಕಟ್ಟಿಕೊಂಡು ಗಡಿ ದಾಟಿ ಈಚೆ ಬಂದವು. ಇನ್ನೊಂದು ಸಂಗತಿಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಅಂತರರಾಷ್ಟ್ರೀಯ ಕಾನೂನಿನ ಕನ್ನಡಕ ಹಾಕಿಕೊಂಡು ನೋಡುವುದಿಲ್ಲ. ಇಳಕಲ್ಲಿಗೆ ದೂರವಿಲ್ಲದ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳ್ತನದ ಶಿಬಿರವಿತ್ತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ. ಈ ಶಿಬಿರಗಳ ತರುಣರು ರಾತ್ರಿ ಗಡಿ ದಾಟಿ ನಿಜಾಮರ ನಾಕಾ, ಠಾಣೆಗಳ ಮೇಲೆ ಬಿದ್ದು ಮರಳುತ್ತಿದ್ದರು. ನಮಗೆ ಅವರು ವಿಮೋಚನೆಯ ವೀರರು, ನನಗೂ ಹೌದು. ಹೈದರಾಬಾದ್ ಸರಕಾರದ ದೂರಿನ ಕಡತದಲ್ಲಿ ಮಾತ್ರ ಅವರು ನೆರೆರಾಷ್ಟ್ರದ ನೆಲದಿಂದ ಬಂದು ದಾಳಿ ಮಾಡಿದವರು. ಇಂದು ಜಗತ್ತಿನಲ್ಲಿ ಎಷ್ಟು ಗಡಿಗಳಲ್ಲಿ ಇದೇ ವಾದ, ಇದೇ ಪ್ರತಿವಾದ ನಡೆದಿದೆ ಎಂದು ಯೋಚಿಸಿದರೆ, ಪಕ್ಷ ಹಿಡಿಯುವ ಮೊದಲು ಒಂದು ಗಳಿಗೆ ತಡೆದು ಕೇಳುವ ಬುದ್ಧಿ ಬರುತ್ತದೆ.

1948ರ ಆಗಸ್ಟ್ 21ರಂದು ಹೈದರಾಬಾದ್ ಸರಕಾರ ಭದ್ರತಾ ಮಂಡಳಿಗೆ ತಂತಿ ಕಳಿಸಿತು. ವಿಶ್ವಸಂಸ್ಥೆಯ ಸನ್ನದಿನ 35ನೆಯ ವಿಧಿಯ ಪ್ರಕಾರ ಸದಸ್ಯನಲ್ಲದ ರಾಷ್ಟ್ರವೂ ತನ್ನ ವ್ಯಾಜ್ಯವನ್ನು ಮಂಡಳಿಯ ಮುಂದೆ ಇಡಬಹುದು. ಇಡುವವನು ರಾಷ್ಟ್ರ ಆಗಿರಬೇಕು, ಅಷ್ಟೇ. ಮಂಡಳಿ ಆ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸೇರುತ್ತಿತ್ತು. ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಕೈಕೆಳಗಿನ ಭಾರತದ ಮುಖ್ಯ ದಂಡು ಸೊಲ್ಲಾಪುರದ ಕಡೆಯಿಂದ ಗಡಿ ದಾಟಿತು. ಮಂಡಳಿ ಈ ವಿಷಯಕ್ಕೆ ಕೂತದ್ದು 16ಕ್ಕೆ. ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೋ ಬೇಡವೋ ಎಂಬುದೇ ಆ ದಿನದ ಚರ್ಚೆ. ಎಂಟು ಮತ ಪರ, ವಿರೋಧ ಯಾರೂ ಇಲ್ಲ, ಸೋವಿಯತ್ ಒಕ್ಕೂಟ, ಉಕ್ರೇನ್, ಚೀನಾ ತಟಸ್ಥ. ಸೇರಿಸಿದರು. ಮರುದಿನ ಸಂಜೆ ನಿಜಾಮರು ಹೈದರಾಬಾದ್ ಬಾನುಲಿಯಲ್ಲಿ ಮಾತಾಡಿ ಕದನ ನಿಲ್ಲಿಸಿರುವುದಾಗಿ ತಿಳಿಸಿದರು. ಪ್ಯಾರಿಸ್ಸಿನವರು ಹಾಳೆ ತಿರುವುವುದರೊಳಗೆ ನೆಲದ ಮೇಲಿನ ಕೆಲಸ ಮುಗಿದಿತ್ತು.

ಅಲ್ಲಿ ಭಾರತದ ಪರವಾಗಿ ಎದ್ದು ನಿಂತವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಆಗಿನ್ನೂ ಮೈಸೂರು ಸಂಸ್ಥಾನದ ದಿವಾನರು! 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು. ಒಂದು ವರ್ಷದ ಹಿಂದೆ ಇವರ ದಿವಾನಗಿರಿಯ ಎದುರಿಗೇ 'ಮೈಸೂರು ಚಲೋ' ಚಳವಳಿ ನಡೆದಿತ್ತು, ಜವಾಬ್ದಾರಿ ಸರಕಾರ ಕೊಡಿ ಎಂದು. ಅಂಥವರು ಈಗ ಇನ್ನೊಂದು ಸಂಸ್ಥಾನದ ವಿರುದ್ಧ, ಅದು ಎಂದೂ ರಾಷ್ಟ್ರವಾಗಿರಲಿಲ್ಲ, ಆದ್ದರಿಂದ ಈ ಮಂಡಳಿಗೆ ಬರುವ ಅರ್ಹತೆಯೇ ಅದಕ್ಕಿಲ್ಲ ಎಂದು ವಾದಿಸಿದರು. ವಾದ ಗಟ್ಟಿಯಾಗಿತ್ತು. ಸೆಪ್ಟೆಂಬರ್ 22ಕ್ಕೆ ನಿಜಾಮರೇ ದೂರು ಹಿಂದಕ್ಕೆ ತೆಗೆದುಕೊಂಡೆ ಎಂದು ತಂತಿ ಕೊಟ್ಟರು. ಆದರೂ ಮಂಡಳಿ ಇತ್ಯರ್ಥ ಹೇಳಲಿಲ್ಲ, ವಜಾ ಮಾಡಲಿಲ್ಲ. 1949ರ ಮೇ ತಿಂಗಳಲ್ಲಿ ಒಮ್ಮೆ ಚರ್ಚಿಸಿ ಬಿಟ್ಟಿತು. 'ಹೈದರಾಬಾದ್ ಪ್ರಶ್ನೆ' ಎಂಬ ಸಾಲು ಮಂಡಳಿಯ ಬಾಕಿ ವಿಷಯಗಳ ಪಟ್ಟಿಯಲ್ಲಿ ದಶಕಗಳ ಕಾಲ ಹಾಗೆಯೇ ಮುದ್ರಣವಾಗುತ್ತ ಬಂತು. ಅಷ್ಟರಲ್ಲಿ, 1956ರ ನವೆಂಬರ್ 1ಕ್ಕೆ, ಕುಷ್ಟಗಿಯೂ ಹುನಗುಂದವೂ ಒಂದೇ ರಾಜ್ಯದೊಳಗೆ ಬಂದಿದ್ದವು.

ಗೆದ್ದ ಕಡೆಯವರಾದ ನಾವು ಮುಚ್ಚಿಡಬಾರದ ಸಂಗತಿಯೊಂದಿದೆ. ಭಾರತದ ಸೈನ್ಯ ಒಳಹೊಕ್ಕ ನಂತರದ ವಾರಗಳಲ್ಲಿ ಬೀದರ್, ಕಲಬುರ್ಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಬಹಳ ಜನ ಮುಸಲ್ಮಾನರ ಕೊಲೆಯಾಯಿತು. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜು ಮಾಡಿತು. ಆ ವರದಿ 2013ರವರೆಗೆ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಇದು ನಮ್ಮ ಒಳಗಿನ ವಿಷಯ, ಹೊರಗಿನವರು ಕೇಳಕೂಡದು ಎಂಬುದು ಸಾರ್ವಭೌಮತ್ವದ ಬಹಳ ಹಳೆಯ ವಾದ. ಸನ್ನದಿನ 2ನೆಯ ವಿಧಿಯ 7ನೆಯ ಖಂಡದಲ್ಲಿ ಅದಕ್ಕೆ ಜಾಗವೂ ಇದೆ. ಹೊರಗಿನವರು ಕೇಳಬಾರದಿದ್ದರೆ ಒಳಗಿನವರಾದರೂ ಕೇಳಬೇಕಿತ್ತು. ಅರವತ್ತೈದು ವರ್ಷ ತಡವಾಯಿತು.

ಇಂಥದಕ್ಕೆಲ್ಲ ವಿಶ್ವಸಂಸ್ಥೆ ಯಾಕೆ ಬೇಕು ಎಂದು ಕೇಳುವವರು ಬಾದಾಮಿಗೆ ಹೋಗಿ ಬರಬೇಕು. ಮಂಡಳಿ, ಸನ್ನದು, ಕಾರ್ಯಸೂಚಿ ಯಾವುದೂ ಇಲ್ಲದ ಲೋಕ ಅಲ್ಲಿ ಕಲ್ಲಿನ ಮೇಲೆ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿ ಕವಿ ರವಿಕೀರ್ತಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634–35ರಲ್ಲಿ, ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಬರೆದ: ಉತ್ತರದ ಹರ್ಷನನ್ನು ತಡೆದದ್ದು, ಪಲ್ಲವರನ್ನು ಕಂಚಿಯ ಗೋಡೆಯ ಹಿಂದಕ್ಕೆ ಅಟ್ಟಿದ್ದು. ತನ್ನ ಪರಾಕ್ರಮವನ್ನು ತನ್ನ ಕವಿಯಿಂದ ತನ್ನ ನೆಲದಲ್ಲಿ ಕೆತ್ತಿಸಿದರೆ ಯಾರು ನಂಬುತ್ತಾರೆ ಎನ್ನಬಹುದು. ಆದರೆ ಹರ್ಷನ ಆತಿಥ್ಯ ಉಂಡ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೇ, ಈ ರಾಜ ಹರ್ಷನಿಗೆ ತಲೆಬಾಗಲಿಲ್ಲ ಎಂದು ಬರೆದಿಟ್ಟ. ತನ್ನವನಲ್ಲದ ಮೂರನೆಯವನೊಬ್ಬ ಹೇಳಿದಾಗ ಆ ಮಾತಿಗೆ ತೂಕ ಬಂತು.

ಕೆಲವೇ ವರ್ಷಗಳಲ್ಲಿ, 642ರ ಹೊತ್ತಿಗೆ, ಪಲ್ಲವ ನರಸಿಂಹವರ್ಮ ದಂಡೆತ್ತಿ ಬಂದು ಬಾದಾಮಿಯನ್ನೇ ಹಿಡಿದ. ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಹಾಕಿಸಿದ. 'ವಾತಾಪಿಕೊಂಡ', ಅಂದರೆ ಬಾದಾಮಿಯನ್ನು ಗೆದ್ದವ, ಎಂಬ ಬಿರುದು ಹೊತ್ತ. ಹತ್ತು ಹನ್ನೆರಡು ವರ್ಷ ರಾಜಧಾನಿ ಕೈಬಿಟ್ಟುಹೋಗಿತ್ತು. ದೂರು ಕೊಡಲು ಎಲ್ಲಿಗೂ ಹೋಗುವಂತಿರಲಿಲ್ಲ. ತೀರಿಸಿಕೊಳ್ಳುವುದೊಂದೇ ದಾರಿ, ಅದು ನೂರು ವರ್ಷ ನಡೆಯಿತು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಊರು ಸುಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ ದೇವರಿಗೇ ಮರಳಿ ಬಿಟ್ಟ, ಹಾಗೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಇಂದಿಗೂ ಆ ಶಾಸನ ಅಲ್ಲಿದೆ. ಇದನ್ನು ಔದಾರ್ಯ ಎಂದು ಹೊಗಳುವುದುಂಟು. ನನಗೆ ಅದರಲ್ಲಿ ಲೆಕ್ಕಾಚಾರವೂ ಕಾಣುತ್ತದೆ, ಮತ್ತು ಲೆಕ್ಕ ಹಾಕಿ ಮಾಡಿದ ಸಂಯಮಕ್ಕೆ ನಾನು ಕಡಿಮೆ ಗೌರವ ಕೊಡುವುದಿಲ್ಲ. ಆದರೆ ಅಷ್ಟರಲ್ಲಿ ಎರಡೂ ಮನೆತನಗಳು ಒಂದರೊಡನೊಂದು ಬಡಿದಾಡಿ ಬಸವಳಿದಿದ್ದವು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಬಾದಾಮಿಯ ಸಿಂಹಾಸನವನ್ನು ಕಿತ್ತುಕೊಂಡವರು ಪಲ್ಲವರಲ್ಲ, ಚಾಲುಕ್ಯರ ಕೈಕೆಳಗೇ ಇದ್ದ ರಾಷ್ಟ್ರಕೂಟ ದಂತಿದುರ್ಗ. ಇಬ್ಬರು ದೊಡ್ಡವರ ಜಗಳದ ನಡುವೆ ಮೂರನೆಯವನು ಏಳುವುದನ್ನು ವಾಷಿಂಗ್ಟನ್, ಮಾಸ್ಕೋಗಳ ಇತಿಹಾಸ ಓದಿದವರು ಚಾಲುಕ್ಯರಲ್ಲೂ ಗುರುತಿಸಬಹುದು.

ಮಂಡಳಿ ಇದ್ದರೂ ಅದಕ್ಕೆ ಕೈಕಾಲಿಲ್ಲ ಎಂಬ ದೂರು ಹೈದರಾಬಾದಿನ ಹೊತ್ತಿಗೇ ಹುಟ್ಟಿತ್ತು. ಈಗ ಅದು ಇನ್ನೂ ಜೋರಾಗಿದೆ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನೊಳಗೆ ಸೈನ್ಯ ನುಗ್ಗಿಸಿದಾಗ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತದ್ದೇ ರಷ್ಯ. ಖಂಡನಾ ನಿರ್ಣಯವನ್ನು ತನ್ನ ನಿಷೇಧಾಧಿಕಾರದಿಂದ ತಾನೇ ಬೀಳಿಸಿತು. ಐದು ದೇಶಗಳಿಗೆ ಈ ಅಧಿಕಾರ ಬಂದದ್ದು 1945ರಲ್ಲಿ, ಸದಸ್ಯರು 51 ಇದ್ದಾಗ. ಈಗ 193. ಭಾರತಕ್ಕೆ ಇನ್ನೂ ಖಾಯಂ ಕುರ್ಚಿ ಇಲ್ಲ. ತೈವಾನ್, ಕೊಸೊವೊ, ಸೊಮಾಲಿಲ್ಯಾಂಡ್ ಇವೆಲ್ಲ ನೆಲ, ಜನ, ಸರಕಾರ ಇದ್ದೂ, ಎಲ್ಲರ ಒಪ್ಪಿಗೆ ಸಿಗದೆ ಹೊಸ್ತಿಲಲ್ಲಿ ನಿಂತ ಜಾಗಗಳು. ಅವುಗಳ ಹೆಸರು ಸುದ್ದಿಯಲ್ಲಿ ಬಂದಾಗ ನನಗೆ ಮೊಗಲಾಯಿ ನೆನಪಾಗುತ್ತದೆ.

ಸಾರ್ವಭೌಮತ್ವ ಎಂಬುದು ರಣಾಂಗಣದಲ್ಲಷ್ಟೇ ಅಲ್ಲ, ಬ್ಯಾಂಕಿನ ಖಾತೆಯಲ್ಲೂ ಬಂದು ಕೂರುತ್ತದೆ. 1948ರ ಸೆಪ್ಟೆಂಬರ್ 20ರಂದು, ಎಲ್ಲ ಮುಗಿದ ಮೇಲೆ, ಹೈದರಾಬಾದಿನ ವಿದೇಶಾಂಗ ಮಂತ್ರಿ ಮೊಯಿನ್ ನವಾಜ್ ಜಂಗ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ಹತ್ತು ಲಕ್ಷ ಪೌಂಡಿಗೂ ಮೇಲ್ಪಟ್ಟ ಹಣವನ್ನು ಪಾಕಿಸ್ತಾನದ ಹೈಕಮಿಷನರರ ಹೆಸರಿಗೆ ವರ್ಗಾಯಿಸಿದರು. ನಿಖರವಾಗಿ ಹೇಳಬೇಕೆಂದರೆ 10,07,940 ಪೌಂಡು, ಒಂಬತ್ತು ಶಿಲಿಂಗು. ವಾರದೊಳಗೆ ನಿಜಾಮರು, ನನಗೆ ಕೇಳದೆ ಮಾಡಿದ್ದು, ಮರಳಿ ಕೊಡಿ ಎಂದರು. ಬ್ಯಾಂಕು ಯಾರಿಗೂ ಕೊಡಲಿಲ್ಲ. ದಾವೆ ಹೂಡಿದರು. 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಪಾಕಿಸ್ತಾನ ಸಾರ್ವಭೌಮ ರಾಷ್ಟ್ರ, ಅದರ ಒಪ್ಪಿಗೆ ಇಲ್ಲದೆ ಅದನ್ನು ಬೇರೆ ದೇಶದ ಕೋರ್ಟಿಗೆ ಎಳೆಯುವಂತಿಲ್ಲ. ಹಣ ಅಲ್ಲೇ ಬಡ್ಡಿ ಬೆಳೆಸುತ್ತ ಕೂತಿತು. 2013ರಲ್ಲಿ ಪಾಕಿಸ್ತಾನವೇ ಆ ಹಣ ನನ್ನದೆಂದು ಬ್ಯಾಂಕಿನ ಮೇಲೆ ದಾವೆ ಹೂಡಿತು. ಕೋರ್ಟಿಗೆ ತಾನೇ ಬಂದವನಿಗೆ, ನನ್ನನ್ನು ಕೋರ್ಟು ಮುಟ್ಟುವಂತಿಲ್ಲ ಎನ್ನುವ ರಕ್ಷೆ ಉಳಿಯುವುದಿಲ್ಲ. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ನಿಜಾಮರ ವಾರಸುದಾರರ ಮತ್ತು ಭಾರತದ ಪರ ತೀರ್ಪು ಕೊಟ್ಟಿತು. ಆಗ ಮೊತ್ತ ಸುಮಾರು ಮೂರೂವರೆ ಕೋಟಿ ಪೌಂಡು. ನಿಜಾಮರು 1967ರಲ್ಲೇ ತೀರಿಕೊಂಡಿದ್ದರು.

ಸಾರ್ವಭೌಮರಲ್ಲದವರ ನಡುವೆ ವ್ಯಾಜ್ಯ ಬಂದರೆ ಹೇಗೆ ನಡೆಯುತ್ತದೆ ಎಂದು ನೋಡಲು ಬಾಗಲಕೋಟೆಯವರು ದೂರ ಹೋಗಬೇಕಿಲ್ಲ. ಕೃಷ್ಣೆಯ ನೀರು ಮಹಾರಾಷ್ಟ್ರದಿಂದ ಬಂದು ನಮ್ಮನ್ನು ದಾಟಿ ತೆಲಂಗಾಣ, ಆಂಧ್ರಕ್ಕೆ ಹೋಗುತ್ತದೆ. ಇವು ದೇಶಗಳಲ್ಲ, ಒಂದು ಒಕ್ಕೂಟದ ರಾಜ್ಯಗಳು, ಮೇಲೆ ಕಾನೂನಿದೆ, ನ್ಯಾಯಾಧಿಕರಣವಿದೆ. ಬಚಾವತ್ ನ್ಯಾಯಾಧಿಕರಣದ ತೀರ್ಪು 1976ರಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಆಲಮಟ್ಟಿ ಕಟ್ಟೆ ಎದ್ದು ಹಳೆ ಬಾಗಲಕೋಟೆಯ ದೊಡ್ಡ ಭಾಗ ನೀರಿಗೆ ಹೋಯಿತು, ನವನಗರ ಬಂತು. ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. 2013ರಲ್ಲಿ ಮತ್ತೊಮ್ಮೆ ಅದನ್ನೇ ಹೇಳಿತು. ತೀರ್ಪು ರಾಜಪತ್ರದಲ್ಲಿ ಬರದಂತೆ 2011ರಲ್ಲೇ ಸುಪ್ರೀಂ ಕೋರ್ಟು ತಡೆದಿದೆ. ಅಲ್ಲಿ ಪ್ಯಾರಿಸ್ಸಿನ ಮಂಡಳಿಗೆ ಅಧಿಕಾರವಿರಲಿಲ್ಲ. ಇಲ್ಲಿ ಅಧಿಕಾರವಿದೆ, ತೀರ್ಪೂ ಇದೆ. ಆ ನಾಲ್ಕೂವರೆ ಮೀಟರಿನ ನೀರಿಗೆ ಹೊಲ ಹೋಗುವ ರೈತರು ಈ ವರ್ಷ ಕಬ್ಬು ನೆಡಬೇಕೋ, ಪರಿಹಾರದ ಕಾಗದಕ್ಕೆ ಕಾಯಬೇಕೋ ಎಂದು ಪುನರ್ವಸತಿ ಕಚೇರಿಗೆ ಬಂದು ಕೇಳಿ ಹೋಗುತ್ತಿದ್ದಾರೆ.